ಶುಕ್ರವಾರದ ಚಿತ್ರ

ಮಸ್ಕತ್ತಿಗೆ ಬಂದ ಹೊಸತರಲ್ಲಿ ಊರಿನಲ್ಲಿರುವ ಅಪ್ಪನಿಗೆ ನಾವೊಂದು ಮಾತು ಕೊಟ್ಟಿದ್ದೆವು: ಪ್ರತಿ ಶುಕ್ರವಾರ ಈ ನಾಡಿನ ಯಾವುದಾದರೊಂದು ಸ್ಥಳದ ಛಾಯಾಚಿತ್ರ, ಒಂದೇ ಒಂದು, ತಪ್ಪದೆ ಕಳುಹಿಸುತ್ತೇವೆಂದು. ಮತ್ರಾಹದ ಕಡಲದಂಡೆ, ಸೂರಿನಲ್ಲಿ ಮರದ ಹಡಗು ಕಟ್ಟುವ ಅಂಗಳ, ಜಬಲ್ ಶಮ್ಸ್‌ನ ಕಮರಿ, ಮಳೆಗಾಲದಲ್ಲಿ ಹಸಿರುಟ್ಟ ಸಲಾಲಾದ ಬೆಟ್ಟಗಳು ಹೀಗೆ ಒಂದೊಂದಾಗಿ ಊರು ಸೇರಿದವು. ಕಡುಬೇಸಿಗೆಯ ಕೆಲವು ವಾರ ಕಾರಿನ ಗಾಜಿನ ಒಳಗಿನಿಂದಲೇ ತೆಗೆದದ್ದೂ ಉಂಟು. ಅದನ್ನು ಅಪ್ಪನಿಗೆ ತಿಳಿಸಿಲ್ಲ.

ಎಲ್ಲಕ್ಕೂ ಅವರದು ಒಂದೇ ಉತ್ತರ: "ಚೆಂದ ಉಂಟು." ಕಾಸರಗೋಡಿನ ಅಡಿಕೆ ತೋಟದ ನಡುವೆ ಬಾಳಿದವರಿಗೆ ಬೋಳು ಬೆಟ್ಟಗಳಲ್ಲಿ ಕಾಣುವುದಾದರೂ ಏನು?

ಒಂದು ವಾರ ನಿಜ್ವಾದ ಫಲಜ್ ದಾರಿಸ್‌ನ ಚಿತ್ರ ಕಳುಹಿಸಿದೆವು. ಖರ್ಜೂರದ ತೋಟದ ಅಂಚಿನಲ್ಲಿ ಕಲ್ಲಿನ ಕಾಲುವೆ, ಅದರಲ್ಲಿ ತಿಳಿನೀರು, ಅಷ್ಟೇ. ಅಂದು ಅಪ್ಪ ತಾವೇ ಕರೆ ಮಾಡಿದರು. "ಈ ನೀರು ಎಲ್ಲಿಂದ ಬರುವುದು?"

ನಮಗೆ ತಿಳಿದಷ್ಟು ಹೇಳಿದೆವು. ಬೆಟ್ಟದ ಬುಡದಲ್ಲಿ ತಾಯಿಬಾವಿಯೊಂದನ್ನು ತೋಡಿ, ಅಲ್ಲಿಂದ ನೆಲದೊಳಗೇ ಅಲ್ಪ ಇಳಿಜಾರಿನಲ್ಲಿ ಸುರಂಗ ಕೊರೆದು, ಯಾವ ಯಂತ್ರದ ಹಂಗೂ ಇಲ್ಲದೆ ನೀರನ್ನು ಊರಿಗೆ ಹರಿಸುತ್ತಾರೆ. ಮೊದಲು ಕುಡಿಯಲು, ಆಮೇಲೆ ತೋಟಕ್ಕೆ. ಪಾಲು ಹಂಚುವುದು ಹೊತ್ತಿನ ಲೆಕ್ಕದಲ್ಲಿ. ಅರ್ಧ ಗಂಟೆಯ ಪಾಲಿಗೆ 'ಅಥರ್' ಎಂದು ಹೆಸರು. ಹಿಂದೆ ಹಗಲು ನೆಟ್ಟ ಕಂಬದ ನೆರಳನ್ನೂ ಇರುಳು ನಕ್ಷತ್ರಗಳನ್ನೂ ನೋಡಿ ಅಳೆಯುತ್ತಿದ್ದರು. ಸುಮಾರು 3,000 ಫಲಜ್‌ಗಳು ಇಂದಿಗೂ ಹರಿಯುತ್ತಿವೆ. 2006ರಲ್ಲಿ ಯುನೆಸ್ಕೋ ಅವುಗಳಲ್ಲಿ 5ನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಅಪ್ಪ ತುಸು ಸುಮ್ಮನಿದ್ದು, "ಇದು ನಮ್ಮ ಸುರಂಗವೇ ಅಲ್ಲವಾ?" ಎಂದರು.

ಹೌದಲ್ಲ! ಮನೆಯ ಹಿಂದಿನ ಗುಡ್ಡದ ಮುರಕಲ್ಲಿನಲ್ಲಿ, ಒಬ್ಬ ಬಾಗಿ ನಿಂತು ಪಿಕ್ಕಾಸು ಬೀಸುವಷ್ಟೇ ಅಗಲದಲ್ಲಿ, ನಲವತ್ತು ಕೋಲು ಉದ್ದಕ್ಕೆ ಅಜ್ಜ ತೋಡಿಸಿದ ಸುರಂಗ. ಅಡಿಕೆ ಮರದ ದಂಬೆಯಲ್ಲಿ ಇಳಿದು ಬರುತ್ತಿದ್ದ ಅದರ ನೀರನ್ನೇ ಕುಡಿದು ನಾವು ಬೆಳೆದವರು. ಬೀದರಿನಲ್ಲಿ ಬಹಮನಿ ಕಾಲದ ಕರೇಜ್ ಇರುವುದನ್ನೂ ಓದಿದ್ದೆವು. ಆದರೂ ನಿಜ್ವಾದಲ್ಲಿ ಕ್ಯಾಮೆರಾ ಹಿಡಿದು ನಿಂತಾಗ ನಮ್ಮದೇ ಗುಡ್ಡ ನೆನಪಾಗಲಿಲ್ಲ. ಕೊಳವೆ ಬಾವಿ ಬಂದ ಮೇಲೆ ಆ ಕಡೆ ಹೋದವರೇ ಇಲ್ಲ.

"ಅದರದ್ದೊಂದು ಫೋಟೋ ಉಂಟಾ ನಿಮ್ಮಲ್ಲಿ?" ಎಂದು ಅಪ್ಪ ಕೇಳಿದರು. ಇರಲಿಲ್ಲ. ಒಮಾನಿನ ಇನ್ನೂರಕ್ಕೂ ಮಿಕ್ಕಿ ಚಿತ್ರಗಳಿದ್ದವು.

ಕಳೆದ ರಜೆಯಲ್ಲಿ ಕತ್ತಿ ಹಿಡಿದು ಗುಡ್ಡ ಹತ್ತಿದೆವು. ಮಂಡಿನೋವಿನ ಅಪ್ಪ ಜಗಲಿಯಲ್ಲೇ ಉಳಿದರು. ಸುರಂಗದ ಬಾಯಿ ಅರ್ಧ ಕುಸಿದಿತ್ತು. ಮಣ್ಣಿನ ಮೇಲೆ ಜರಿಗಿಡಗಳು. ಒಳಗೆ ಹೋಗುವ ಆಸೆಯಿತ್ತು, ಆದರೆ ಗಾಳಿಯಾಡದ ಸುರಂಗಕ್ಕೆ ಇಳಿದವರಿಗೆ ಏನಾಗಬಹುದೆಂದು ವೈದ್ಯರಾದ ನಮಗೆ ಬೇರೆಯವರು ಹೇಳಬೇಕಿಲ್ಲ. ಹೊರಗಿನಿಂದಲೇ ಚಿತ್ರ ತೆಗೆದೆವು. ಮಣ್ಣಿನ ಸಂದಿಯಿಂದ ನೀರು ಇನ್ನೂ ಜಿನುಗುತ್ತಿತ್ತು.

ಅಪ್ಪ ಚಿತ್ರವನ್ನು ಬಹಳ ಹೊತ್ತು ನೋಡಿದರು. "ಚೆಂದ ಉಂಟು" ಎನ್ನಲಿಲ್ಲ. "ಹಲಸಿನ ಮರದ ಬುಡದಲ್ಲಿ ನಿಂತು ತೆಗೆಯಬೇಕಿತ್ತು, ಆಗ ದಂಬೆ ಇಟ್ಟ ಜಾಗವೂ ಕಾಣುತ್ತಿತ್ತು" ಎಂದರು. ಆ ಮರವನ್ನು ಕಡಿದು ಎಷ್ಟೋ ವರ್ಷವಾಗಿದೆ ಎಂದು ಹೇಳುವ ಧೈರ್ಯ ನಮಗೆ ಬರಲಿಲ್ಲ.

ಸುರಂಗದ ಕೆಲಸ ಬಲ್ಲವರು ಈಗ ಊರಲ್ಲಿ ಸಿಗುವುದು ಕಷ್ಟ. ಹೇಗೋ ಒಬ್ಬ ಹಿರಿಯರು ಒಪ್ಪಿ, ಒಳಗೆ ಮೊದಲು ದೀಪವಿಟ್ಟು ನೋಡಿ, ಮಣ್ಣು ತೆಗೆಯಲು ತೊಡಗಿದ್ದಾರೆ. ಕಳೆದ ಶುಕ್ರವಾರ ನಮ್ಮ ಚಿತ್ರ ಹೊರಡುವ ಮೊದಲೇ ಅಪ್ಪನಿಂದ ಒಂದು ಬಂತು. ಯಾರದೋ ಬೆರಳು ಅರ್ಧ ಮುಚ್ಚಿದೆ, ಉಳಿದರ್ಧ ಕತ್ತಲೆ. ಕೆಳಗೆ ಬರೆದಿದ್ದರು: "ಆರು ಕೋಲು ಆಯಿತು."