ಕೆಂಪು ಪೆನ್ನು ಮತ್ತು ಕುದುರೆಯ ಹಿಂಗಾಲು

ರೋಣ, ನರಗುಂದ, ಗಜೇಂದ್ರಗಡ ಈ ಮೂರು ಊರುಗಳ ಸುತ್ತಲೇ ನನ್ನ ಮಾಸ್ತರಿಕೆ ಕಳೆದಿದೆ. ನರಗುಂದದಲ್ಲಿದ್ದಾಗ ಒಂಬತ್ತನೆಯ ಇಯತ್ತೆಯ ಹುಡುಗನೊಬ್ಬ ವಿಜ್ಞಾನದ ನೋಟ್‌ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಬಾಬಾಸಾಹೇಬರ ಕಥೆಯನ್ನು ಚಿತ್ರಕಥೆ ಮಾಡಿದ್ದ. 1858ರ ಬಂಡಾಯ, ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನ ಕೊಲೆ, ಕೊನೆಗೆ ಬೆಳಗಾವಿಯಲ್ಲಿ ಗಲ್ಲು. ಗುಡ್ಡದ ಮೇಲಿನ ಕೋಟೆ ನೋಡುತ್ತ ಬೆಳೆದ ಮಕ್ಕಳಿಗೆ ಇದು ಮನೆಯ ಕಥೆಯೇ.

“ಸರ್, ಹೆಂಗ ಆಗೇತಿ ನೋಡ್ರಿ” ಎಂದು ಕೈಗಿತ್ತ. ಹದಿನಾಲ್ಕು ಪುಟ. ನಾನು ಪರೀಕ್ಷೆಯ ಪೇಪರು ತಿದ್ದುವ ಪೆನ್ನನ್ನೇ ಹೊರತೆಗೆದೆ. ಕಾಗುಣಿತ ತಪ್ಪು. ಕೋಟೆಯ ಬಾಗಿಲು ಸಣ್ಣದು. ಸಾಹೇಬನ ಟೊಪ್ಪಿಗೆ ದೊಡ್ಡದು. ಕುದುರೆಯ ಹಿಂಗಾಲಿಗೆ ಕೆಂಪು ಸುತ್ತು ಹಾಕಿ, ‘ಮೊಣಕಾಲು ಹಿಂದಕ್ಕೆ ಬಾಗುವುದಿಲ್ಲ’ ಎಂದು ಬರೆದೆ. ಬಿ.ಎಸ್‌ಸಿ. ಓದಿದವನ ಷರಾ!

ಎರಡು ತಿಂಗಳು ಹುಡುಗ ಗೆರೆ ಎಳೆಯಲಿಲ್ಲ. ಒಂದು ಸಂಜೆ ಅವನ ತಂದೆ ಮನೆಗೆ ಕರೆದರು. “ಮುಂದಿನ ವರ್ಷ ಎಸ್ಸೆಸ್ಸೆಲ್ಸಿ ಐತ್ರಿ ಸರ್. ಚಿತ್ರದ ಹುಚ್ಚು ಬಿಡಸ್ರಿ. ಇಂವಗ ಬರೂದಿಲ್ಲಂತ ನೀವ ಕೆಂಪು ಇಂಕಿನ್ಯಾಗ ಬರದೀರಲ್ಲ” ಎಂದು ಅದೇ ಹಾಳೆ ಮುಂದಿಟ್ಟರು. ಹಾಗೆಂದು ನಾನು ಎಲ್ಲಿ ಬರೆದಿದ್ದೆ? ಆದರೆ ಓದಿದವರಿಗೆ ಹಾಗೇ ಕಂಡಿತ್ತು.

ದನದ ಹಕ್ಕಿಯ ಹತ್ತಿರ ನಿಂತಿದ್ದ ಹುಡುಗ ಮೆಲ್ಲಗೆ, “ಸರ್, ಎತ್ತಿನ ಹಿಂಗಾಲು ನೋಡ್ರಿ” ಎಂದ. ನೋಡಿದೆ. ಹಿಂದಕ್ಕೇ ಬಾಗಿತ್ತು! ರಾತ್ರಿ ಪುಸ್ತಕ ತೆಗೆದೆ. ನಾನು ಮೊಣಕಾಲು ಎಂದುಕೊಂಡದ್ದು ಪ್ರಾಣಿಯ ಹಿಮ್ಮಡಿ. ನಿಜವಾದ ಮೊಣಕಾಲು ಮೇಲೆ, ಹೊಟ್ಟೆಯ ಪಕ್ಕದಲ್ಲಿರುತ್ತದೆ. ಕುದುರೆ ನಿಲ್ಲುವುದು ಪ್ರತಿ ಕಾಲಿನ ಒಂದೇ ಬೆರಳಿನ ತುದಿಯ ಮೇಲೆ. ಹುಡುಗ ಕಂಡದ್ದನ್ನು ಬರೆದಿದ್ದ, ನಾನು ಕಾಣದ್ದನ್ನು ತಿದ್ದಿದ್ದೆ.

ಆರ್.ಕೆ. ಲಕ್ಷ್ಮಣ್ ಅವರಿಗೆ ಮುಂಬಯಿಯ ಜೆ.ಜೆ. ಕಲಾಶಾಲೆ ಪ್ರವೇಶ ಕೊಡಲಿಲ್ಲ ಎಂಬುದನ್ನು ನಾವು ಮಾಸ್ತರರು ಭಾಷಣಗಳಲ್ಲಿ ಹೇಳುತ್ತೇವೆ. ತಿರಸ್ಕೃತರೆಲ್ಲ ಲಕ್ಷ್ಮಣ್ ಆಗುವುದಿಲ್ಲ, ಆ ಮಾತು ಬೇರೆ. ಇಲ್ಲಿ ತಪ್ಪಿದವನು ನಾನು.

ಮರುದಿನ ನನ್ನ ಷರಾ ಹೊಡೆದುಹಾಕಿ ‘ನಿನ್ನದೇ ಸರಿ’ ಎಂದು ಬರೆದು ಸಹಿ ಮಾಡಿದೆ. ಆಮೇಲೆ ಪೆನ್ನು ಕಿಸೆಗಿಟ್ಟು, ಬರೀ ಓದುಗನಾಗಿ ಓದಿದೆ. ಸುರೇಬಾನದ ಪುಟದಲ್ಲಿ ತಡವರಿಸಿದೆ. “ತಮ್ಮಾ, ಮ್ಯಾನ್ಸನ್ ಸತ್ತ ಮ್ಯಾಲೆ ಊರಿಗೆ ಬರ್ತಾನಲ್ಲೋ?” ಹುಡುಗ ನಕ್ಕುಬಿಟ್ಟ. ಚೌಕಗಳನ್ನು ಎಡದಿಂದ ಬಲಕ್ಕೆ ಓದಲೆಂದು ಅವನು ಬರೆದಿದ್ದ. ನಾನು ಮೇಲಿನಿಂದ ಕೆಳಗೆ ಓದಿದ್ದೆ. ಆ ಪುಟವನ್ನು ತಾನಾಗಿಯೇ ಮೂರು ಸಲ ಬರೆದ.

ಗಲ್ಲಿನ ಪುಟದಲ್ಲಿ ಬಾಬಾಸಾಹೇಬರೇ ಇರಲಿಲ್ಲ, ನೋಡುವ ಮಂದಿಯ ಮುಖಗಳಷ್ಟೇ. “ಅವರ ಮುಖ ಬರಿಯಾಕ ಬರಲಿಲ್ರಿ” ಎಂದು ತಲೆ ತಗ್ಗಿಸಿದ. “ಇದನ್ನ ಮುಟ್ಟಬ್ಯಾಡ. ನಾ ಭಾಳ ಹೊತ್ತು ನೋಡಿದ್ದು ಈ ಪುಟಾನ” ಎಂದೆ.

ಪಾಲಕರ ಸಭೆಗೆ ಬಂದ ತಂದೆ ನಿಂತೇ ಅಷ್ಟೂ ಓದಿದರು. “ಕುದುರಿ ಚಲೋ ಬಂದೈತಿ” ಎಂದರು. ಎಸ್ಸೆಸ್ಸೆಲ್ಸಿ ಮಾತು ಆ ದಿನ ತೆಗೆಯಲಿಲ್ಲ.

ಮುಂದೊಂದು ದಿನ ಹಲಗೆಯ ಮೇಲೆ ಹೃದಯದ ಚಿತ್ರ ಬರೆಯುತ್ತಿದ್ದೆ. ಹಿಂದಿನ ಬೆಂಚಿನಿಂದ ಇವನ ಕೈ ಮೇಲೆದ್ದಿತು. “ಸರ್, ರಕ್ತ ಯಾವ ಬಾಣದಿಂದ ಒಳಗ ಬರ್ತದಂತ ತಿಳಿವಲ್ದರಿ.”

ಒರೆಸಿ, ಬಾಣಗಳಿಗೆ ಅಂಕಿ ಹಾಕಿ ಮತ್ತೆ ಬರೆದೆ.