ಪಕ್ಕದಲ್ಲೊಬ್ಬರು ಬೇಕು

ಹೈಸ್ಕೂಲು ಮಕ್ಕಳಿಗೆ ಪಾಠ ಹೇಳುವವರಿಗೆ ಬಾಯಿಗಿಂತ ಕಣ್ಣು ಚುರುಕಾಗಿರಬೇಕು ಎನ್ನುವುದು ನನ್ನ ಇಷ್ಟು ವರ್ಷದ ಅನುಭವ. ಮೌರ್ಯರ ಆಡಳಿತವನ್ನೋ ಹಳಗನ್ನಡದ ಪದ್ಯವನ್ನೋ ವಿವರಿಸುತ್ತಿರುವಾಗ ಮೂರನೇ ಬೆಂಚಿನ ಹುಡುಗಿ ಹುಬ್ಬು ಗಂಟಿಕ್ಕಿದರೆ ಅವಳಿಗೆ ಅರ್ಥವಾಗಿಲ್ಲ ಎಂದು ಲೆಕ್ಕ. ಹಿಂದಿನ ಸಾಲಿನ ಹುಡುಗ ಅತಿಯಾಗಿ ತಲೆಯಾಡಿಸಿದರೆ ಅವನು ಕೇಳಿಸಿಕೊಂಡೇ ಇಲ್ಲ ಎಂದು ಲೆಕ್ಕ. ತಿಂಡಿ ತಿನ್ನದೆ ಬಂದವರು, ಮನೆಯಲ್ಲಿ ಜಗಳ ನೋಡಿ ಬಂದವರು, ಹೊಸ ಪೆನ್ನು ಸಿಕ್ಕ ಸಂತೋಷದಲ್ಲಿರುವವರು, ಎಲ್ಲರ ಸಮಾಚಾರವೂ ಮುಖದ ಮೇಲೇ ಬರೆದಿರುತ್ತದೆ. ಬಿ.ಎಡ್. ಓದುವಾಗ ಇದನ್ನು ಯಾರೂ ಕಲಿಸಲಿಲ್ಲ. ಕೆಲಸಕ್ಕೆ ಸೇರಿದ ಮೇಲೆ ಮಕ್ಕಳೇ ಕಲಿಸಿದರು.

ಅಂಥ ಕಣ್ಣಿಗೆ ಬಟ್ಟೆ ಕಟ್ಟಿದಂತಾಗಿದ್ದು 2020ರಲ್ಲಿ. ಕೊರೋನಾ ಬಂದು ಮಾರ್ಚ್ ತಿಂಗಳಲ್ಲಿ ಶಾಲೆಗಳು ಮುಚ್ಚಿದವು. ಆ ತಿಂಗಳ 27ಕ್ಕೆ ಶುರುವಾಗಬೇಕಿದ್ದ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಂದಕ್ಕೆ ಹೋಗಿ ಜೂನ್ 25ರಿಂದ ನಡೆಯಿತು. ಜುಲೈನಲ್ಲಿ ದೂರದರ್ಶನದ ಚಂದನ ವಾಹಿನಿಯಲ್ಲಿ ಹೈಸ್ಕೂಲು ಪಾಠಗಳು ಬರತೊಡಗಿದವು. ಆಗಸ್ಟಿನಲ್ಲಿ ‘ವಿದ್ಯಾಗಮ’ ಎಂದು ನಾವೇ ದೇವಸ್ಥಾನದ ಜಗುಲಿ, ಮರದ ನೆರಳು ಹುಡುಕಿಕೊಂಡು ಮಕ್ಕಳಿದ್ದಲ್ಲಿಗೆ ಹೋದೆವು. ಅಕ್ಟೋಬರಿನಲ್ಲಿ ಅದೂ ನಿಂತಿತು. 2021ರ ಜನವರಿ 1ರಂದು ಹತ್ತನೆಯವರಿಗೆ ಬಾಗಿಲು ತೆರೆಯಿತು ಎಂದು ಉಸಿರುಬಿಡುವಷ್ಟರಲ್ಲಿ ಎರಡನೇ ಅಲೆ ಬಂತು. ಒಂಬತ್ತರಿಂದ ಮೇಲಿನ ತರಗತಿಗಳು ಮತ್ತೆ ಶುರುವಾಗಿದ್ದು ಆ ವರ್ಷದ ಆಗಸ್ಟ್ 23ಕ್ಕೆ. ನಡುನಡುವಿನ ಆ ತಿಂಗಳುಗಳೆಲ್ಲ ಫೋನಿನಲ್ಲೇ ಪಾಠ. ನನ್ನ ಮುಂದೆ ಮುಖಗಳಿಲ್ಲ, ಪುಟ್ಟ ಪುಟ್ಟ ಚೌಕಗಳಲ್ಲಿ ಹೆಸರುಗಳು. ಕೆಲವು ಮಕ್ಕಳ ಹೆಸರೂ ಇಲ್ಲ, ಅಪ್ಪನ ಅಂಗಡಿಯ ಹೆಸರು! ಹಾಜರಿ ಕೂಗಿದರೆ ‘ಶ್ರೀ ಗಣೇಶ ಹಾರ್ಡ್‌ವೇರ್ಸ್’ ಎಂಬುದು ಕೀರಲು ದನಿಯಲ್ಲಿ ‘ಎಸ್ ಮಿಸ್’ ಅನ್ನುತ್ತಿತ್ತು.

ನಗು ಬಂದರೂ ಆ ದಿನಗಳು ನಗುವಂಥವಾಗಿರಲಿಲ್ಲ. ನಮ್ಮದು ಮಲೆನಾಡಿನ ಸಣ್ಣ ಊರು. ಸುತ್ತಲ ಹಳ್ಳಿಗಳಿಂದ ಬರುವ ಮಕ್ಕಳೇ ಹೆಚ್ಚು. ಮಳೆ ಹಿಡಿದರೆ ಕರೆಂಟಿಲ್ಲ, ಕರೆಂಟಿದ್ದರೆ ನೆಟ್‌ವರ್ಕ್ ಇಲ್ಲ. ಎರಡೂ ಇದ್ದರೆ ಫೋನು ತೋಟಕ್ಕೆ ಹೋದ ಅಪ್ಪನ ಜೇಬಿನಲ್ಲಿ. ಆದರೂ ಕೆಲವು ಮಕ್ಕಳು ಓದಿನ ದಾರಿ ಬಿಡಲಿಲ್ಲ, ಕೆಲವರು ತಪ್ಪಿಸಿಕೊಂಡು ಹೋದರು. ಇದಕ್ಕೆ ಕಾರಣವೇನು ಎಂದು ನಾನು ಬಹಳ ಯೋಚಿಸಿದ್ದೇನೆ. ಒಳ್ಳೆಯ ಫೋನಿದ್ದವರು ಗೆದ್ದರು, ಇಲ್ಲದವರು ಸೋತರು ಎಂದು ಸುಲಭವಾಗಿ ಹೇಳಿಬಿಡಬಹುದು. ಫೋನೇ ಇಲ್ಲದವರ ಕಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಫೋನು ಇದ್ದವರ ಮನೆಗಳಲ್ಲೂ ನಾನು ಎರಡು ಬಗೆ ಕಂಡೆ.

ಒಂದು ಮನೆಯಲ್ಲಿ ಹುಡುಗನಿಗೆ ಪ್ರತ್ಯೇಕ ಕೋಣೆ, ಹೊಸ ಲ್ಯಾಪ್‌ಟಾಪ್, ಓದಿದ ತಂದೆತಾಯಿ. ‘ಅವನಿಗೆ ತೊಂದರೆಯಾಗಬಾರದು’ ಎಂದು ಕೋಣೆಯ ಬಾಗಿಲು ಮುಚ್ಚಿರುತ್ತಿದ್ದರು. ಹೊತ್ತಿಗೆ ಸರಿಯಾಗಿ ಬಾದಾಮಿ ಹಾಲು ಒಳಗೆ ಹೋಗುತ್ತಿತ್ತು, ಲೋಟ ಹೊರಗೆ ಬರುತ್ತಿತ್ತು. ಒಳಗೆ ಪಾಠ ನಡೆಯುತ್ತಿದೆಯೋ ಆಟ ನಡೆಯುತ್ತಿದೆಯೋ ಕೇಳಿದವರಿಲ್ಲ. ಇನ್ನೊಂದು ಮನೆಯಲ್ಲಿ ತಾಯಿ ಹೂ ಕಟ್ಟಿ ಮಾರುವಾಕೆ, ಓದಿದ್ದು ನಾಲ್ಕನೇ ಇಯತ್ತೆ. ಒಂದೇ ಕೋಣೆ, ಒಡೆದ ಗಾಜಿನ ಒಂದು ಫೋನು. ಆಕೆ ಸಂಜೆ ಹೂ ಕಟ್ಟುತ್ತಾ ಮಗಳನ್ನು ಎದುರಿಗೆ ಕೂರಿಸಿಕೊಂಡು, ‘ಇವತ್ತು ಏನು ಹೇಳಿಕೊಟ್ಟರೇ? ನನಗೂ ಹೇಳು’ ಅನ್ನುತ್ತಿದ್ದಳಂತೆ. ಮಗಳು ಭೂಮಿ ಸುತ್ತುವುದನ್ನೋ ಬ್ಯಾಂಕಿನಲ್ಲಿ ಖಾತೆ ತೆರೆಯುವುದನ್ನೋ ಹೇಳಬೇಕು. ‘ನನಗೆ ತಿಳೀಲಿಲ್ಲ, ಇನ್ನೊಂದು ಸಲ ಹೇಳು’ ಅಂದರೆ ಮತ್ತೆ ಹೇಳಬೇಕು. ಮಾರನೆಯ ದಿನ ಆ ಹುಡುಗಿ ನನ್ನನ್ನು ಕೇಳುತ್ತಿದ್ದ ಪ್ರಶ್ನೆಗಳಲ್ಲಿ ಅರ್ಧ ಅವಳ ಅಮ್ಮನವು! ಯಾವ ಮನೆಯ ಮಗು ಮುಂದೆ ಬಂತು ಎಂದು ನೀವೇ ಊಹಿಸಿ.

‘ನನಗೆ ಗಣಿತ ಬರೋದಿಲ್ಲ, ಇಂಗ್ಲಿಷ್ ಗೊತ್ತಿಲ್ಲ, ನಾನೇನು ಹೇಳಿಕೊಡಲಿ ಮಿಸ್?’ ಎಂದು ಎಷ್ಟೋ ತಾಯಂದಿರು ಸಂಕೋಚದಿಂದ ಕೇಳಿದ್ದಾರೆ. ಹೇಳಿಕೊಡುವ ಕೆಲಸ ನಮ್ಮದು, ಅದಕ್ಕೆ ನಮಗೆ ಸಂಬಳ ಕೊಡುತ್ತಾರೆ. ತೆರೆಯ ಮೇಲೆ ಪಾಠ ಬರುವಾಗ ಕಡಿಮೆಯಾಗುವುದು ಪಾಠವಲ್ಲ, ಗಮನಿಸುವ ಕಣ್ಣು. ಅದನ್ನು ಮನೆಯವರೇ ತುಂಬಬೇಕು. ಕಣ್ಣು ಎಂದರೆ ಪೊಲೀಸರ ಕಣ್ಣಲ್ಲ. ಹದಿನೈದರ ಹುಡುಗರ ಬೆನ್ನಿಗೆ ನಿಂತು ಇಣುಕಿದರೆ ಅವರಿಗೆ ಮೈಯೆಲ್ಲ ಮುಳ್ಳು. ಅಕ್ಕಿ ಆರಿಸುತ್ತಲೋ ಲೆಕ್ಕ ಬರೆಯುತ್ತಲೋ ಅದೇ ಕೋಣೆಯಲ್ಲಿ ನಿಮ್ಮ ಕೆಲಸ ನೀವು ಮಾಡಿಕೊಂಡಿದ್ದರೆ ಸಾಕು. ಇಬ್ಬರೂ ದುಡಿಯುತ್ತಿದ್ದೇವೆ ಎಂಬ ಭಾವನೆ ಮಗುವಿಗೆ ಬರುತ್ತದೆ.

ಆ ಎರಡು ವರ್ಷಗಳಲ್ಲಿ ಫಲ ಕೊಟ್ಟ ಕೆಲವು ಸಂಗತಿಗಳನ್ನು ಇಲ್ಲಿ ಹೇಳಬೇಕು. ಮೊದಲನೆಯದು ಹೊತ್ತು. ಶಾಲೆಯ ಗಂಟೆ ಇಲ್ಲದಾಗ ಮನೆಯಲ್ಲೇ ಗಂಟೆ ಬಾರಿಸಬೇಕು. ಎದ್ದು, ಸ್ನಾನ ಮಾಡಿ, ತಲೆ ಬಾಚಿ ಕೂತ ಮಗುವಿನ ಓದಿಗೂ ಹೊದಿಕೆಯೊಳಗೆ ಮಲಗಿ ಕೇಳಿದ ಮಗುವಿನ ಓದಿಗೂ ವ್ಯತ್ಯಾಸವನ್ನು ನಾನು ದನಿಯಲ್ಲೇ ಗುರುತಿಸಬಲ್ಲೆ. ಎರಡನೆಯದು ಜಾಗ. ಮೇಜು ಬೇಡ, ಚಾಪೆ ಆದೀತು, ಆದರೆ ದಿನವೂ ಅದೇ ಚಾಪೆ, ಅದೇ ಕಿಟಕಿ. ಮೂರನೆಯದು ನೋಟ್‌ಬುಕ್ಕು. ತೆರೆಯ ಮೇಲಿನದು ಕಣ್ಣಿಗೆ ಬಿದ್ದು ಜಾರಿಹೋಗುತ್ತದೆ. ಕೈಯಲ್ಲಿ ಬರೆದದ್ದು ಉಳಿಯುತ್ತದೆ. ದಿನದ ಪಾಠದಲ್ಲಿ ಐದು ಸಾಲು ಸ್ವಂತ ಮಾತಿನಲ್ಲಿ ಬರೆದಿಟ್ಟಿದೆಯೇ ಎಂದು ನೋಡಲು ನೀವು ಪದವೀಧರರಾಗಬೇಕಿಲ್ಲ. ನಾಲ್ಕನೆಯದು, ರಾತ್ರಿ ಫೋನು ಅಡುಗೆಮನೆಯಲ್ಲಿ ಮಲಗಲಿ, ಮಗು ಹಾಸಿಗೆಯಲ್ಲಿ ಮಲಗಲಿ. ಇದಕ್ಕೆ ಮನೆಯ ದೊಡ್ಡವರ ಫೋನುಗಳೂ ಅಲ್ಲೇ ಮಲಗಬೇಕಾಗುತ್ತದೆ. ಕಷ್ಟವಿರುವುದು ಅಲ್ಲೇ!

ಬರೆಯುವ ವಿಷಯಕ್ಕೆ ಇನ್ನೊಂದು ಮಾತು. 2021ರ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಜುಲೈ 19 ಮತ್ತು 22, ಎರಡೇ ದಿನ ನಡೆಯಿತು. ದಿನಕ್ಕೆ ಮೂರು ವಿಷಯ, ವಿಷಯಕ್ಕೆ 40 ಅಂಕ, ಸರಿಯುತ್ತರ ಆರಿಸಿ ಗುರುತು ಮಾಡಿದರೆ ಮುಗಿಯಿತು. ಆ ಹೊತ್ತಿಗೆ ಅದೇ ಸರಿಯಾಗಿತ್ತು. ಆದರೆ ಶಾಲೆ ತೆರೆದ ಮೇಲೆ ಬಂದ ಮಕ್ಕಳಿಗೆ ಒಂದು ಪುಟ ಬರೆಯುವುದರೊಳಗೆ ಕೈ ನೋಯುತ್ತಿತ್ತು, ವಾಕ್ಯ ಅರ್ಧಕ್ಕೇ ನಿಲ್ಲುತ್ತಿತ್ತು. ಫೋನಿನಲ್ಲೇ ಓದುವ ಮಕ್ಕಳನ್ನು ವಾರಕ್ಕೊಮ್ಮೆಯಾದರೂ ಗಡಿಯಾರ ಎದುರಿಗಿಟ್ಟು ಕಾಗದದ ಮೇಲೆ ಬರೆಯಿಸಿ ಎಂದು ನಾನು ಈಗಲೂ ಹೇಳುವುದು ಅದಕ್ಕೇ.

ಇನ್ನು ಹೆಣ್ಣುಮಕ್ಕಳ ವಿಚಾರ. ಒಂದೇ ಫೋನಿರುವ ಮನೆಯಲ್ಲಿ ಅಣ್ಣನೂ ತಂಗಿಯೂ ಓದುತ್ತಿದ್ದರೆ ಫೋನು ಯಾರ ಕೈಯಲ್ಲಿರುತ್ತದೆ ಎಂದು ಹೇಳಬೇಕಾಗಿಲ್ಲ. ನನ್ನ ತರಗತಿಯ ಒಬ್ಬಳು, ಚೆನ್ನಾಗಿ ಓದುತ್ತಿದ್ದವಳು, ಒಂದು ವಾರ ಕಾಣಲಿಲ್ಲ, ಎರಡು ವಾರ ಕಾಣಲಿಲ್ಲ. ನಮ್ಮ ಮುಖ್ಯೋಪಾಧ್ಯಾಯಿನಿಯೂ ನಾನೂ ಮನೆಗೆ ಹೋದೆವು. ಅಣ್ಣನದು ಪಿಯುಸಿ, ಫೋನು ಅವನಿಗೆ. ‘ಇವಳು ಹೇಗೂ ಮನೆಯಲ್ಲೇ ಇದ್ದಾಳಲ್ಲ’ ಎಂದು ಅಡುಗೆ, ಕೊಟ್ಟಿಗೆ ಎರಡೂ ಇವಳ ಪಾಲಿಗೆ. ಮಾತಿನ ಮಧ್ಯೆ ಅಜ್ಜಿ, ಒಳ್ಳೆಯ ಕಡೆಯಿಂದ ಕೇಳಿಕೊಂಡು ಬಂದಿದ್ದಾರೆ, ಶಾಲೆಯೂ ಇಲ್ಲವಲ್ಲ ಎಂದರು. ಹುಡುಗಿಗೆ ಆಗ ಹದಿನೈದು. ಹದಿನೆಂಟು ತುಂಬುವ ಮುಂಚಿನ ಮದುವೆ ಕಾನೂನಿಗೆ ವಿರುದ್ಧವೆಂದು ಮುಖ್ಯೋಪಾಧ್ಯಾಯಿನಿ ಮೆಲ್ಲಗೆ, ಆದರೆ ಸ್ಪಷ್ಟವಾಗಿ ಹೇಳಿದರು. ಮಕ್ಕಳ ಸಹಾಯವಾಣಿ 1098 ಎಂದು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದೂ ಬಂದರು. ತಾಯಿ ಏನೂ ಮಾತಾಡಲಿಲ್ಲ. ನಾವು ಹೊರಟಾಗ ಗೇಟಿನವರೆಗೂ ಬಂದು, ‘ರಾತ್ರಿ ಎಂಟರ ಮೇಲೆ ಫೋನು ಅವಳಿಗೆ ಕೊಡಿಸ್ತೇನೆ ಮಿಸ್, ಆ ಹೊತ್ತಿಗೆ ಪಾಠ ಕಳಿಸಿದರೆ ಆಗ್ತದಾ?’ ಎಂದರು. ಅಂದಿನಿಂದ ನಾನು ದಿನದ ಪಾಠವನ್ನು ಹತ್ತು ನಿಮಿಷದ ಧ್ವನಿಯಾಗಿ ಮಾಡಿ ಕಳಿಸಿದೆ. ಹುಡುಗಿ ಜುಲೈನಲ್ಲಿ ಪರೀಕ್ಷೆ ಬರೆದಳು, ಪಾಸಾದಳು. ಮದುವೆಯ ಮಾತು ಹಿಂದಕ್ಕೆ ಹೋಯಿತು. ನಾವು ಹೋದದ್ದು ಒಂದು ದಿನ. ಆ ತಾಯಿ ಪ್ರತಿ ರಾತ್ರಿ ಎಂಟು ಗಂಟೆಗೆ ಮಗನ ಕೈಯಿಂದ ಫೋನು ಇಸಿದುಕೊಂಡರು. ದೊಡ್ಡ ಕೆಲಸ ಅವರದೇ.

ಎಲ್ಲರ ಕಥೆಯೂ ಹೀಗೆ ಮುಗಿಯಲಿಲ್ಲ. ಅಡಿಕೆ ಕೊಯ್ಲಿಗೆಂದು ಹೋದ ಒಬ್ಬ ಹುಡುಗ ದುಡ್ಡಿನ ರುಚಿ ಹತ್ತಿ ಅತ್ತಲೇ ಉಳಿದ. ದಾರಿಯಲ್ಲಿ ಸಿಕ್ಕರೆ ಈಗಲೂ ನಮಸ್ಕಾರ ಮಾಡುತ್ತಾನೆ. ಅವನಿಗೆ ತಾಯಿ ಇರಲಿಲ್ಲ, ತಂದೆ ಕತ್ತಲಾದ ಮೇಲೆ ಮನೆಗೆ ಬರುವವರು. ‘ಇವತ್ತೇನು ಓದಿದೆ’ ಎಂದು ಕೇಳುವ ಒಂದು ದನಿ ಆ ಮನೆಯಲ್ಲಿ ಇರಲಿಲ್ಲ.

ಶಾಲೆಗಳು ತೆರೆದವು, ಆ ಕಾಲ ಮುಗಿಯಿತು ಎಂದು ಮರೆಯುವಂತೆಯೂ ಇಲ್ಲ. ಮನೆಯಲ್ಲೇ ಕೂತು ಹೈಸ್ಕೂಲು ಮುಗಿಸುವ ಮಕ್ಕಳು ಇಂದೂ ಇದ್ದಾರೆ. ನಮ್ಮ ಬೀದಿಯ ಒಬ್ಬ ಹುಡುಗಿಗೆ ಸಂಧಿವಾತ, ಮೆಟ್ಟಿಲು ಹತ್ತುವುದೇ ಕಷ್ಟ. ಅವಳು ಹತ್ತನೆಯದನ್ನು ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಓದಿದಳು. 1989ರಲ್ಲಿ ಸ್ಥಾಪನೆಯಾದ ಕೇಂದ್ರ ಸರ್ಕಾರದ ಸಂಸ್ಥೆ ಅದು. 14 ವರ್ಷ ತುಂಬಿದವರು ಹತ್ತನೆಯದಕ್ಕೆ ಸೇರಬಹುದು. ಐದು ವಿಷಯ ಪಾಸಾದರೆ ಸಾಕು. ಗೃಹವಿಜ್ಞಾನ, ಚಿತ್ರಕಲೆಯಂಥ ವಿಷಯಗಳನ್ನೂ ಆರಿಸಿಕೊಳ್ಳಬಹುದು. ವರ್ಷಕ್ಕೆ ಎರಡು ಸಲ ಪರೀಕ್ಷೆ, ಎಲ್ಲವನ್ನೂ ಒಟ್ಟಿಗೆ ಬರೆಯಬೇಕೆಂದಿಲ್ಲ. ಒಮ್ಮೆ ನೋಂದಾಯಿಸಿದರೆ ಐದು ವರ್ಷದಲ್ಲಿ ಒಂಬತ್ತು ಅವಕಾಶ. ಕಾಯಿಲೆಯ ಮಕ್ಕಳಿಗೆ ಇದು ದೊಡ್ಡ ಉಪಕಾರ. ಆದರೆ ‘ಐದು ವರ್ಷ ಇದೆಯಲ್ಲ’ ಎಂಬ ಮಾತೇ ಸೋಮಾರಿತನಕ್ಕೆ ದಿಂಬೂ ಆಗಬಲ್ಲದು. ಆ ಹುಡುಗಿಯ ಸೋದರತ್ತೆ, ಮದುವೆಯಾಗದೆ ಮನೆಯಲ್ಲಿದ್ದವರು, ಅದಕ್ಕೆ ಆಸ್ಪದ ಕೊಡಲಿಲ್ಲ. ಅಕ್ಟೋಬರಿಗೆ ಎರಡು ವಿಷಯ, ಏಪ್ರಿಲಿಗೆ ಮೂರು ಎಂದು ಗೋಡೆಗೆ ಚೀಟಿ ಅಂಟಿಸಿದರು. ನೋವಿದ್ದ ದಿನ ತಾವೇ ಪುಸ್ತಕ ಓದಿ ಹೇಳಿದರು. ಒಳ್ಳೆಯ ದಿನ ಅವಳಿಂದ ಓದಿಸಿದರು. ಹುಡುಗಿ ಪಾಸಾದ ದಿನ ಅತ್ತೆ ನನ್ನ ಮನೆಗೆ ಪೇಡೆ ತಂದು, ‘ನಾನೂ ಇನ್ನೊಂದು ಸಲ ಹತ್ತನೆಯದು ಪಾಸು ಮಾಡಿದೆ’ ಎಂದು ನಕ್ಕರು.

2021ರ ಜೂನಿನಲ್ಲಿ ಪತ್ರಿಕೆಗಳಲ್ಲಿ ಬಂದ ಒಂದು ಚಿತ್ರ ನಿಮಗೂ ನೆನಪಿರಬಹುದು. ಸುಳ್ಯ ತಾಲ್ಲೂಕಿನ ಒಂದು ಹಳ್ಳಿ. ಸುರಿಯುವ ಮಳೆ. ನೆಟ್‌ವರ್ಕ್ ಸಿಗುವ ರಸ್ತೆ ಬದಿಯಲ್ಲಿ ಮಗಳು ಕೂತು ಪಾಠ ಕೇಳುತ್ತಿದ್ದಾಳೆ. ತಂದೆ ಛತ್ರಿ ಹಿಡಿದು ನಿಂತಿದ್ದಾರೆ. ನೆಟ್‌ವರ್ಕ್ ಇಲ್ಲದ್ದಕ್ಕೆ ಎಲ್ಲರೂ ಮರುಗಿದರು, ಮರುಗಬೇಕಾದದ್ದೇ. ನಾನು ಮಾತ್ರ ಆ ಛತ್ರಿಯನ್ನೇ ಬಹಳ ಹೊತ್ತು ನೋಡಿದೆ. ಪಾಠ ಮುಗಿಯುವವರೆಗೂ ಅದನ್ನು ಹಿಡಿದು ನಿಲ್ಲುವುದಕ್ಕೆ ಬೀಜಗಣಿತ ಬರಬೇಕಾಗಿಲ್ಲ.

ನಿಮ್ಮ ಮನೆಯಲ್ಲೂ ಫೋನಿನ ಮುಂದೆ ಕೂತು ಓದುವ ಹುಡುಗನೋ ಹುಡುಗಿಯೋ ಇದ್ದರೆ, ಅಂಕ ಎಷ್ಟು ಬಂತು ಎಂದು ಕೇಳುವುದನ್ನು ಸ್ವಲ್ಪ ಹಿಂದಕ್ಕಿಡಿ. ‘ಇವತ್ತು ಏನು ಹೇಳಿಕೊಟ್ಟರು, ನನಗೂ ಹೇಳು’ ಎಂದು ಕೇಳಿ ನೋಡಿ. ಮೊದಲ ದಿನ ‘ಏನಿಲ್ಲಮ್ಮ’ ಎಂಬ ಉತ್ತರ ಬರುತ್ತದೆ. ಎರಡನೆಯ ದಿನವೂ ಅದೇ ಬಂದೀತು. ಮೂರನೆಯ ದಿನ ಬೀನ್ಸ್ ಹೆಚ್ಚುತ್ತಾ ಇನ್ನೊಮ್ಮೆ ಕೇಳಿ.