ಸೀಳಿದ ಟ್ಯಾಂಕು, ಮರಳು ತಡೆಯೋ ತೊಟ್ಟಿ

ಬಾದನಹಟ್ಟಿ ಹೊಲದಾಗಿನ ನನ್ನ 1000 ಲೀಟರ್ ಪ್ಲಾಸ್ಟಿಕ್ ಟ್ಯಾಂಕು ಬಿಸಿಲಿಗೆ ಮೇಲ್ಭಾಗದಲ್ಲಿ ಸೀಳಿತ್ತು. ಗುಜರಿಗೆ ಹಾಕಿದ್ರೆ ಬರೋದು ಚಿಲ್ಲರೆ ಕಾಸು. ಅತ್ತ ಕಾಲುವೆ ನೀರಿನ ಮರಳು, ಕಸ ಹೊಕ್ಕು ಮೆಣಸಿನಕಾಯಿ ಹೊಲದ ಡ್ರಿಪ್ ಕಟ್ಟಿಕೊಳ್ತಿತ್ತು. ಸಾಲಿನ ಕೊನೇ ಗಿಡಗಳು ಬಾಡ್ತಿದ್ವು. ಹಂಗಾಗಿ ಆ ಟ್ಯಾಂಕನ್ನೇ ಕೊಯ್ದು ತೊಟ್ಟಿ ಮಾಡಿದೆ.

ಸೀಳಿನ ಕೆಳಗೆ, ತಳದಿಂದ 2 ಅಡಿಗೆ ಗುರುತು ಹಾಕಿ ಸುತ್ತ ಕೊಯ್ದೆ. ನೀರಿನ ಒತ್ತಡ ಅದರ ಎತ್ತರದ ಮೇಲೆ ನಿಂತೈತೆ. 4 ಅಡಿ ನೀರು 2 ಅಡಿಗೆ ಇಳಿದ್ರೆ ತಳದ ಒತ್ತಡ ಅರ್ಧ ಆಗ್ತೈತೆ. ಕೊಯ್ದ ಬಾಯಿ ಅಗಲ ಆಗದಂಗೆ ಕಬ್ಬಿಣದ ಪಟ್ಟಿ ಬಿಗಿದೆ. ನಮ್ಮ ಎರೆ ಭೂಮಿ ಹಿಗ್ಗಿ ಕುಗ್ಗುತ್ತೆ, ಅದಕ್ಕೆ ಕೆಳಗೆ ಗರಸು ಹಾಸಿ ಸಮ ಮಾಡಿದೆ.

ಉಳಿದ ತುಂಡಿನಿಂದ ಎರಡು ಅಡ್ಡಗೋಡೆ. ಮೊದಲನೇದು ತಳಕ್ಕೆ ಅಂಟಿ ನಿಲ್ತೈತೆ. ನೀರು ಮೇಲಿಂದ ಹರೀತೈತೆ, ಮರಳು ಹಿಂದೇ ಉಳೀತೈತೆ. ಎರಡನೇದರ ಕೆಳಗೆ ನಾಲ್ಕು ಬೆರಳು ಸಂದು, ತೇಲೋ ಕಸ ಈಚೆಗೇ ನಿಲ್ತೈತೆ. ಆಚೆ ಪಂಪಿನ ಪೈಪು. ಇದು ಪಾಲಿಎಥಿಲೀನ್, ಪಿವಿಸಿ ಗಮ್ ಹಿಡಿಯಲ್ಲ. ಮೀನಿನ ತೊಟ್ಟಿಯ ಅಕ್ರಿಲಿಕ್ ಹಾಳೆ ದ್ರಾವಣಕ್ಕೇ ಬೆಸೀತೈತೆ, ಇದಕ್ಕೆ ಬಿಸಿಗಾಳಿ ಗನ್ನಿನಲ್ಲಿ ಅದೇ ಪ್ಲಾಸ್ಟಿಕ್ ಪಟ್ಟಿ ಕರಗಿಸಿ ಕೂಡಿಸಬೇಕು.

ಸಣ್ಣ ಜೇಡಿ ಇಷ್ಟರಲ್ಲಿ ತಳ ಸೇರಲ್ಲ, ಫಿಲ್ಟರ್ ತೆಗೀಬ್ಯಾಡ್ರಿ. ವಾರಕ್ಕೊಮ್ಮೆ ತಳ ಬಾಚ್ರಿ. ಸುಮಾರು 133 ಟಿಎಂಸಿ ಹಿಡೀತಿದ್ದ ನಮ್ಮ ತುಂಗಭದ್ರಾ ಜಲಾಶಯ ಹೂಳು ತುಂಬಿ ಸುಮಾರು 105ಕ್ಕೆ ಇಳಿದೈತೆ. ಆ ಹೂಳು ನಮ್ಮ ಕೈಲಿಲ್ಲ, ಈ ತೊಟ್ಟಿದು ಐತೆ. ಬಾಚಿದ್ದನ್ನ ಹೊಲಕ್ಕೇ ಹಾಕ್ರಿ.